ಹೊಟ್ಟೆಯ ಬೊಜ್ಜು ಮತ್ತು ಹೃದ್ರೋಗ: ಮೈಸೂರಿನ ಸಂಶೋಧನೆಗಳಿಂದ ಗ್ರಾಮ ಪಂಚಾಯತಿಗಳು ತಿಳಿಯಬೇಕಾದುದು

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ನಲವತ್ತು ಐವತ್ತರ ವಯಸ್ಸಿನ, ಮನೆಯ ಭಾರ ಹೊತ್ತ ವ್ಯಕ್ತಿಯೊಬ್ಬರು ಹಠಾತ್ತನೆ ಹೃದಯಾಘಾತದಿಂದ ನಿಧನರಾದಾಗ ಊರಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: “ಆಳು ಗಟ್ಟಿಮುಟ್ಟಾಗಿದ್ದರು, ದಪ್ಪವೂ ಇರಲಿಲ್ಲ, ಹೀಗೇಕಾಯಿತು?” ಕೆಲವು ವಾರಗಳ ತರುವಾಯ ವಿಧವಾ ವೇತನದ ಅರ್ಜಿಗೆ ನೆರವು ಕೋರಿ ಅದೇ ಮನೆಯವರು ಪಂಚಾಯತಿ ಸದಸ್ಯರ ಬಳಿಗೆ ಬರುತ್ತಾರೆ. ಆ ಹಂತದಲ್ಲಿ ಪಂಚಾಯತಿಯು ಮಾಡಬಹುದಾದುದು ಅತ್ಯಲ್ಪ. ಅದಕ್ಕೂ ಹತ್ತು ವರ್ಷಗಳ ಮೊದಲು ಮಾಡಬಹುದಾದುದು ಬಹಳಷ್ಟಿದೆ.

ಊರಿನವರ ಪ್ರಶ್ನೆಗೆ ವೈದ್ಯಕೀಯ ಸಂಶೋಧನೆಯಲ್ಲಿ ಉತ್ತರವಿದೆ. ಆ ಉತ್ತರದ ಒಂದು ಮುಖ್ಯ ಭಾಗ ದೊರೆತದ್ದು ಇದೇ ಮೈಸೂರಿನಲ್ಲಿ. ಸಂಕ್ಷೇಪವಾಗಿ ಹೇಳುವುದಾದರೆ, ಹೃದಯಕ್ಕೆ ಅಪಾಯ ತರುವುದು ದೇಹದ ಒಟ್ಟು ತೂಕಕ್ಕಿಂತ ಹೆಚ್ಚಾಗಿ ಹೊಟ್ಟೆಯೊಳಗೆ ಶೇಖರವಾಗುವ ಕೊಬ್ಬು. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು ತಮ್ಮನ್ನು ದಪ್ಪವೆಂದು ಭಾವಿಸುವುದಿಲ್ಲ. ಅಪಾಯ ಇರುವುದು ಅವರಿಗೂ ಹೌದು.

ತೂಕಕ್ಕಿಂತ ಸೊಂಟದ ಅಳತೆ ಏಕೆ ಮುಖ್ಯ

ಬೊಜ್ಜಿಗೂ ಹೃದ್ರೋಗಕ್ಕೂ ಇರುವ ಸಂಬಂಧ ದೀರ್ಘಕಾಲದ ಅಧ್ಯಯನದಿಂದ ಸ್ಥಾಪಿತವಾದುದು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ ಐದು ಸಾವಿರಕ್ಕೂ ಹೆಚ್ಚು ನಿವಾಸಿಗಳ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಕಾರ್ಯ ಆರಂಭವಾಯಿತು. 26 ವರ್ಷಗಳ ಮಾಹಿತಿಯನ್ನು ಪರಿಶೀಲಿಸಿ 1983ರಲ್ಲಿ ಪ್ರಕಟಿಸಿದ ವರದಿಯು, ರಕ್ತದೊತ್ತಡ ಮೊದಲಾದ ಇತರ ಕಾರಣಗಳನ್ನು ಬದಿಗಿರಿಸಿ ನೋಡಿದರೂ ಬೊಜ್ಜು ತಾನೇ ಸ್ವತಂತ್ರವಾಗಿ ಹೃದ್ರೋಗದ ಸಂಭವವನ್ನು ಹೆಚ್ಚಿಸುತ್ತದೆ ಎಂದು ತೋರಿಸಿತು.

ಆದರೆ ಅಮೆರಿಕದ ದೇಹಕ್ಕೆ ಹೊಂದಿದ ಅಳತೆ ನಮ್ಮವರಿಗೆ ಹೊಂದುವುದಿಲ್ಲ ಎಂಬುದು ಬೆಂಗಳೂರಿನ ಅಧ್ಯಯನದಲ್ಲಿ ಸ್ಪಷ್ಟವಾಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಹೋದ್ಯೋಗಿಗಳು ಮೊದಲ ಬಾರಿ ಹೃದಯಾಘಾತಕ್ಕೊಳಗಾದ 200 ರೋಗಿಗಳನ್ನು ಹೃದ್ರೋಗವಿಲ್ಲದ 200 ಮಂದಿಯೊಡನೆ ಹೋಲಿಸಿ 1996ರಲ್ಲಿ ವರದಿ ಪ್ರಕಟಿಸಿದರು. ಧೂಮಪಾನ, ಅಧಿಕ ರಕ್ತದೊತ್ತಡ ಮತ್ತು ರಕ್ತದಲ್ಲಿನ ಸಕ್ಕರೆಯ ಜೊತೆಗೆ ಎದ್ದು ಕಂಡ ಮತ್ತೊಂದು ಅಂಶ, ನಿತಂಬದ ಸುತ್ತಳತೆಗೆ ಹೋಲಿಸಿದಾಗ ಸೊಂಟದ ಸುತ್ತಳತೆ ಹೆಚ್ಚಾಗಿರುವುದು. ಅಂದರೆ ಹೊಟ್ಟೆಯ ಬೊಜ್ಜು.

ಮುಂದೆ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವೂ ಇದನ್ನೇ ಸಮರ್ಥಿಸಿತು. ಎತ್ತರ ಮತ್ತು ತೂಕಗಳಿಂದ ಲೆಕ್ಕ ಹಾಕುವ ಬಿಎಂಐಗಿಂತ ಸೊಂಟ ಮತ್ತು ನಿತಂಬದ ಅನುಪಾತವೇ ಹೃದಯಾಘಾತದ ಉತ್ತಮ ಮುನ್ಸೂಚಕ ಎಂದು ಅದರಿಂದ ತಿಳಿದುಬಂದಿತು. ಅದೇ ಅಧ್ಯಯನದ ಇನ್ನೊಂದು ಅಂಶ ಹೆಚ್ಚು ಚಿಂತೆಗೆ ಕಾರಣವಾಗುವಂಥದ್ದು. ಭಾರತವೂ ಸೇರಿದ ದಕ್ಷಿಣ ಏಷ್ಯಾದಲ್ಲಿ ಮೊದಲ ಹೃದಯಾಘಾತದ ಮಧ್ಯಮ ವಯಸ್ಸು 53. ಇತರ ದೇಶಗಳಲ್ಲಿ ಅದು ಸುಮಾರು 59. ನಮ್ಮವರಿಗೆ ರೋಗವು ಆರು ವರ್ಷ ಮುಂಚಿತವಾಗಿಯೇ, ಮಕ್ಕಳ ಓದು ಮತ್ತು ಮದುವೆಯ ಹೊಣೆ ಇನ್ನೂ ಮುಗಿಯದಿರುವಾಗಲೇ ಬರುತ್ತಿದೆ.

ತೂಕ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ವೈದ್ಯರಿಬ್ಬರು ತಮ್ಮನ್ನೇ ಉದಾಹರಣೆಯಾಗಿಸಿಕೊಂಡರು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇವರಿಬ್ಬರ ಬಿಎಂಐ ಒಂದೇ ಆಗಿತ್ತು, 22.3. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. 2004ರಲ್ಲಿ ಈ ವಿವರ ಇಬ್ಬರ ಛಾಯಾಚಿತ್ರದೊಂದಿಗೆ ಪ್ರಕಟವಾಯಿತು. ತಕ್ಕಡಿಯಲ್ಲಿ ಸಮನಾಗಿ ತೂಗುವ ಇಬ್ಬರ ದೇಹದ ಒಳಗು ಎಷ್ಟು ಭಿನ್ನವಾಗಿರಬಹುದೆಂಬುದು ಇದರಿಂದ ವಿದಿತವಾಗುತ್ತದೆ.

ಹೊಟ್ಟೆಯ ಕೊಬ್ಬು ಹೃದಯಕ್ಕೆ ಮಾಡುವ ಹಾನಿ

ಚರ್ಮದ ಕೆಳಗಿನ ಕೊಬ್ಬು ಬಹುಮಟ್ಟಿಗೆ ಶಕ್ತಿಯ ದಾಸ್ತಾನು. ತೊಡೆ ಮತ್ತು ನಿತಂಬದ ಕೊಬ್ಬಿನಿಂದ ಹೃದಯಕ್ಕೆ ಅಷ್ಟಾಗಿ ತೊಂದರೆಯಿಲ್ಲ. ಕರುಳು, ಯಕೃತ್ತುಗಳ ಸುತ್ತ ತುಂಬಿಕೊಳ್ಳುವ ಕೊಬ್ಬಿನ ಸ್ವಭಾವವೇ ಬೇರೆ. ಅದು ಸದಾ ಕರಗಿ, ಕೊಬ್ಬಿನ ಆಮ್ಲಗಳನ್ನು ನೇರವಾಗಿ ಯಕೃತ್ತಿಗೆ ಹರಿಸುತ್ತಿರುತ್ತದೆ. ಇದರಿಂದ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುತ್ತದೆ, ಹೃದಯವನ್ನು ಕಾಯುವ ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ. ಇನ್ಸುಲಿನ್ ತನ್ನ ಕೆಲಸ ಮಾಡಲು ತಡೆಯುಂಟಾಗಿ ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. ರಕ್ತದೊತ್ತಡವೂ ಹೆಚ್ಚುತ್ತದೆ.

ಇದೇ ಕೊಬ್ಬು ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತವನ್ನು ವರ್ಷಗಟ್ಟಲೆ ಜೀವಂತವಾಗಿಡುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಒಳಗೋಡೆಯಲ್ಲಿ ಕೊಬ್ಬಿನ ಪದರ ಕಟ್ಟುತ್ತದೆ. ಒಂದು ದಿನ ಆ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳವನ್ನು ಮುಚ್ಚುತ್ತದೆ. ಅದೇ ಹೃದಯಾಘಾತ. ಇಷ್ಟೆಲ್ಲ ನಡೆಯುವಾಗ ನೋವಾಗಲಿ, ಬೇರೆ ಲಕ್ಷಣವಾಗಲಿ ಕಾಣದೇ ಇರಬಹುದು. ಆದ್ದರಿಂದಲೇ ಆಘಾತವು ಹಠಾತ್ತಾಗಿ ಬಂದಂತೆ ತೋರುತ್ತದೆ. ವಾಸ್ತವದಲ್ಲಿ ಅದರ ಸಿದ್ಧತೆ ಹತ್ತಿಪ್ಪತ್ತು ವರ್ಷಗಳಷ್ಟು ಹಳೆಯದು.

ಮಿಷನ್ ಆಸ್ಪತ್ರೆಯ ದಾಖಲೆ ಪುಸ್ತಕಗಳು ಹೇಳಿದ ಸಂಗತಿ

ನಮ್ಮವರ ಹೊಟ್ಟೆಯಲ್ಲೇ ಕೊಬ್ಬು ಏಕೆ ಸೇರುತ್ತದೆ? ಈ ಪ್ರಶ್ನೆಗೆ ಸಂಬಂಧಿಸಿದ ಮಹತ್ವದ ಸಂಶೋಧನೆ ನಡೆದದ್ದು ಮೈಸೂರಿನ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. ಜಿಲ್ಲೆಯ ಜನರು ಇದನ್ನು ಮಿಷನ್ ಆಸ್ಪತ್ರೆಯೆಂದೇ ಬಲ್ಲರು. 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ದಾದಿಯರು ಕ್ರಮವಾಗಿ ಬರೆದಿಟ್ಟಿದ್ದರು. ಹೆರಿಗೆಗೆ ಬಂದ ತಾಯಂದಿರ ತೂಕವೂ ದಾಖಲಾಗುತ್ತಿತ್ತು.

ದಶಕಗಳ ನಂತರ ಸಂಶೋಧಕರು ಆ ದಾಖಲೆಗಳನ್ನು ತೆರೆದು, ಅಲ್ಲಿ ಹುಟ್ಟಿ ಮೈಸೂರಿನಲ್ಲೇ ವಾಸವಾಗಿದ್ದವರನ್ನು ಹುಡುಕಿದರು. 1934ರಿಂದ 1954ರ ನಡುವೆ ಜನಿಸಿದ 517 ಸ್ತ್ರೀಪುರುಷರ ಹೃದಯ ಪರೀಕ್ಷೆ ನಡೆಯಿತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಶೇ. 3 ಮಾತ್ರ. ಅತಿ ಹೆಚ್ಚು, ಅಂದರೆ ಶೇ. 20ರಷ್ಟು ಹೃದ್ರೋಗ ಕಂಡುಬಂದದ್ದು ಹುಟ್ಟುವಾಗ ಕಡಿಮೆ ತೂಕವಿದ್ದು, ಗರ್ಭಿಣಿಯಾಗಿದ್ದಾಗ ತಾಯಿಯೂ 45 ಕಿಲೋಗಿಂತ ಕಡಿಮೆ ತೂಗುತ್ತಿದ್ದ ಗುಂಪಿನಲ್ಲಿ. ಅಧ್ಯಯನದ ಗಾತ್ರ ಚಿಕ್ಕದು. ಈ ವ್ಯತ್ಯಾಸ ಹೆಚ್ಚು ಖಚಿತವಾಗಿ ಕಂಡದ್ದು 45 ವರ್ಷ ದಾಟಿದವರಲ್ಲಿ. ಆದರೂ ತಾಯಿಯ ಪೋಷಣೆಗೂ ಮಗುವಿನ ಐವತ್ತನೆಯ ವಯಸ್ಸಿನ ಹೃದಯಕ್ಕೂ ನಂಟಿದೆ ಎಂಬ ವಿಚಾರವನ್ನು ಭಾರತದಿಂದ ಜಗತ್ತಿನ ಮುಂದಿಟ್ಟ ಮೊದಮೊದಲ ಅಧ್ಯಯನಗಳಲ್ಲಿ ಇದೊಂದು.

1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ ಹೊಸ ಅಧ್ಯಯನ ಕೈಗೊಳ್ಳಲಾಯಿತು. ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಹೋದ್ಯೋಗಿಗಳು ಮೈಸೂರಿನ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದರು. ನಮ್ಮ ಮಕ್ಕಳು ತೂಕದಲ್ಲಿ, ಉದ್ದದಲ್ಲಿ ಚಿಕ್ಕವರು. ಆದರೆ ಬೆನ್ನು ಮತ್ತು ಮುಂಡದ ಭಾಗದ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ. ಕೊರತೆಯಾಗಿದ್ದದ್ದು ಮುಖ್ಯವಾಗಿ ಸ್ನಾಯು ಮತ್ತು ಇತರ ಅಂಗಾಂಶ. ಹುಟ್ಟುವಾಗ ಬಡಕಲಾಗಿ ಕಾಣುವ ಮಗುವಿನಲ್ಲೂ ಮುಂಡದ ಕೊಬ್ಬು ಉಳಿದುಕೊಂಡಿರುತ್ತದೆ. ಮುಂದೆ ಆಹಾರ ಹೆಚ್ಚಿ, ದುಡಿಮೆ ತಗ್ಗಿದಾಗ ಅಂಥ ದೇಹವು ಬೊಜ್ಜಿನ ಭಾರವನ್ನು ತಾಳಿಕೊಳ್ಳುವ ಶಕ್ತಿಯಲ್ಲಿ ಹಿಂದೆ ಬೀಳುತ್ತದೆ.

ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ತಾಯಂದಿರನ್ನು ಐದು ವರ್ಷಗಳ ಬಳಿಕ ಪರೀಕ್ಷಿಸಿದಾಗ ಅವರಲ್ಲಿ ಶೇ. 37ರಷ್ಟು ಮಂದಿಗೆ ಮಧುಮೇಹ ಬಂದಿತ್ತು. ಇತರ ತಾಯಂದಿರಲ್ಲಿ ಶೇ. 2 ಮಾತ್ರ. ಆ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗೇ ಕೊಬ್ಬಿನ ಅಂಶ ಹೆಚ್ಚಾಗಿತ್ತು. ಒಟ್ಟಿನಲ್ಲಿ ತಾಯಿಯ ಅಪೌಷ್ಟಿಕತೆಯೂ ತಾಯಿಯ ಸಕ್ಕರೆ ಕಾಯಿಲೆಯೂ ಬೇರೆ ಬೇರೆ ದಾರಿಯಿಂದ ಮಕ್ಕಳನ್ನು ಒಂದೇ ಅಪಾಯದ ಕಡೆಗೆ ಒಯ್ಯುತ್ತವೆ. ಒಂದೇ ಊರಿನಲ್ಲಿ ರಕ್ತಹೀನತೆಯ ಗರ್ಭಿಣಿಯೂ ಹೊಟ್ಟೆಯ ಬೊಜ್ಜಿನ ಗೃಹಸ್ಥರೂ ಇರುವುದು ಎರಡು ಸಮಸ್ಯೆಯಾಗಿ ಕಂಡರೂ ಅವುಗಳ ಬೇರು ಒಂದಕ್ಕೊಂದು ಹೆಣೆದುಕೊಂಡಿದೆ.

ಎರಡು ತಾಲ್ಲೂಕುಗಳ ಬದಲಾದ ಜೀವನ

ಕಬಿನಿ ಮತ್ತು ಕಾವೇರಿ ನಾಲೆಗಳ ನೀರು ಹರಿದ ಮೇಲೆ ಈ ಭಾಗದ ಊಟದ ತಟ್ಟೆಯಲ್ಲಿ ಅನ್ನದ ಪಾಲು ಹೆಚ್ಚಿತು. ಉಳುಮೆಗೆ ಟ್ರ್ಯಾಕ್ಟರು, ಕೊಯ್ಲಿಗೆ ಯಂತ್ರ, ಜಮೀನಿಗೆ ಹೋಗಲು ಬೈಕು ಬಂದವು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವವರ ನಿದ್ದೆ ಮತ್ತು ಊಟದ ಹೊತ್ತು ಏರುಪೇರಾಗಿದೆ. ಇವೆಲ್ಲ ಬಡತನವನ್ನು ತಗ್ಗಿಸಿದ, ಸ್ವಾಗತಾರ್ಹವಾದ ಬದಲಾವಣೆಗಳೇ. ಆದರೆ ಹಿಂದಿನ ದುಡಿಮೆಗೆ ತಕ್ಕ ಊಟ ಉಳಿದು ದುಡಿಮೆ ಮಾತ್ರ ಹಗುರವಾದರೆ, ಉಳಿಕೆಯೆಲ್ಲ ಹೊಟ್ಟೆಯಲ್ಲಿ ಸೇರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಯರಲ್ಲೂ ಪುರುಷರಲ್ಲೂ ಹತ್ತರಲ್ಲಿ ಸುಮಾರು ಮೂವರು ಅಧಿಕ ತೂಕದವರು. ಐದು ವರ್ಷಗಳ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಹತ್ತರಲ್ಲಿ ಎರಡಕ್ಕಿಂತ ತುಸು ಹೆಚ್ಚಿತ್ತು.

ಅಳತೆಯ ಕ್ರಮ

ಭಾರತೀಯರಿಗೆ ತಜ್ಞರು ನಿಗದಿಪಡಿಸಿರುವ ಮಿತಿಗಳು ಇಂತಿವೆ:

• ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ. (ಸುಮಾರು ಮೂವತ್ತೈದೂವರೆ ಇಂಚು), ಸ್ತ್ರೀಯರಲ್ಲಿ 80 ಸೆಂ.ಮೀ. (ಸುಮಾರು ಮೂವತ್ತೊಂದೂವರೆ ಇಂಚು) ಮೀರಬಾರದು.

• ಬಿಎಂಐ 23 ತಲುಪಿದರೆ ಅಧಿಕ ತೂಕ, 25 ತಲುಪಿದರೆ ಬೊಜ್ಜು. ಐದು ಅಡಿ ಮೂರು ಇಂಚು, ಅಂದರೆ 160 ಸೆಂ.ಮೀ. ಎತ್ತರದವರಿಗೆ ಇದು ಕ್ರಮವಾಗಿ 59 ಮತ್ತು 64 ಕಿಲೋ ಆಗುತ್ತದೆ.

• ನೆನಪಿಡಲು ಸುಲಭವಾದ ಸೂತ್ರ: ಸೊಂಟದ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು.

ಅಳೆಯುವಾಗ ಟೇಪು ಪಕ್ಕೆಲುಬಿನ ಕೆಳಅಂಚು ಮತ್ತು ಸೊಂಟದ ಮೂಳೆಯ ಮೇಲಂಚು ಇವುಗಳ ನಡುವೆ ಬರಬೇಕು. ಉಸಿರನ್ನು ಸಹಜವಾಗಿ ಬಿಟ್ಟ ಕ್ಷಣದಲ್ಲಿ ಅಳೆಯಬೇಕು, ಹೊಟ್ಟೆಯನ್ನು ಒಳಗೆಳೆದುಕೊಳ್ಳಬಾರದು. ಸೀರೆಯ ನೆರಿಗೆ ಅಥವಾ ಪಂಚೆಯ ಗಂಟಿನ ಮೇಲೆ ಟೇಪು ಹಿಡಿದರೆ ಅಳತೆ ತಪ್ಪುತ್ತದೆ. ಪ್ಯಾಂಟಿನ ಅಳತೆಯೂ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಧರಿಸುತ್ತಾರೆ. ಸ್ತ್ರೀಯರ ಅಳತೆಯನ್ನು ಆಶಾ ಕಾರ್ಯಕರ್ತೆಯರು ಮರೆಯಲ್ಲಿ ತೆಗೆದುಕೊಳ್ಳುವುದು ಸೂಕ್ತ.

ಆಶಾ ಕಾರ್ಯಕರ್ತೆಯರು 30 ವರ್ಷ ಮೀರಿದವರಿಗಾಗಿ ಮನೆಮನೆಯಲ್ಲಿ ಭರ್ತಿ ಮಾಡುವ ಅಪಾಯ ಮೌಲ್ಯಮಾಪನ ಪಟ್ಟಿಯಲ್ಲಿ ತೂಕಕ್ಕೆ ಅಂಕವಿಲ್ಲ, ಸೊಂಟದ ಸುತ್ತಳತೆಗೆ ಅಂಕವಿದೆ. ಉದಾಹರಣೆಗೆ 45 ವರ್ಷದ ರೈತರೊಬ್ಬರಿಗೆ ವಯಸ್ಸಿನ ಬಾಬ್ತು 2 ಅಂಕ. ಸೊಂಟ 94 ಸೆಂ.ಮೀ. ಇದ್ದರೆ 1 ಅಂಕ. ತಂದೆಗೋ ತಾಯಿಗೋ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಹೃದ್ರೋಗ ಇದ್ದರೆ 2 ಅಂಕ. ಒಟ್ಟು 5. ನಾಲ್ಕನ್ನು ಮೀರಿದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕಳುಹಿಸಬೇಕು. ಈ ರೈತರು ಬೀಡಿ ಸೇದದವರು, ಮದ್ಯ ಸೇವಿಸದವರು, ದಿನವೂ ದುಡಿಯುವವರು. ಆದರೂ ಅವರು ತಪಾಸಣೆಗೆ ಅರ್ಹರು. ಟೇಪು ಹಿಡಿಯದೆ ಅಂದಾಜಿನಲ್ಲಿ ಪಟ್ಟಿ ತುಂಬಿದರೆ ಇಂಥವರೇ ಕೈತಪ್ಪಿ ಹೋಗುತ್ತಾರೆ.

ಪರಿಹಾರದ ಬಗ್ಗೆ ಸಂಶೋಧನೆ ಹೇಳುವುದೇನು

ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ, ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವು ಭರವಸೆ ನೀಡುವಂಥದ್ದು. ಆಹಾರದಲ್ಲಿ ಹಿತಮಿತ ಮತ್ತು ನಿತ್ಯದ ನಡಿಗೆಯನ್ನು ರೂಢಿಸಿಕೊಂಡ ಗುಂಪಿನಲ್ಲಿ ಮಧುಮೇಹಕ್ಕೆ ತುತ್ತಾಗುವ ಸಂಭವ ಶೇ. 28.5ರಷ್ಟು ಇಳಿಯಿತು. ಗಮನಿಸಬೇಕಾದ ಅಂಶವೆಂದರೆ, ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ತೂಕ ಇಳಿಯಲಿಲ್ಲವೆಂದು ನಿರಾಶರಾಗಿ ನಡಿಗೆಯನ್ನು ಬಿಡುವವರಿಗೆ ಇದನ್ನು ತಿಳಿಸುವುದು ಅಗತ್ಯ.

ತಡವಾಗಿ ಆರಂಭಿಸಿದರೆ ಫಲ ಸೀಮಿತ ಎಂಬುದೂ ನಿಜ. ಅಮೆರಿಕದಲ್ಲಿ ಈಗಾಗಲೇ ಮಧುಮೇಹವಿದ್ದ 5,145 ಮಂದಿಗೆ ತೂಕ ಇಳಿಸುವ ತರಬೇತಿ ನೀಡಿ ವರ್ಷಗಟ್ಟಲೆ ಗಮನಿಸಿದಾಗ, ಸಕ್ಕರೆಯ ಹತೋಟಿ ಸುಧಾರಿಸಿದರೂ ಹೃದಯಾಘಾತದ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ತೂಕ ಇಳಿಸುವ ಚುಚ್ಚುಮದ್ದಿನಿಂದ, ಬೊಜ್ಜಿನ ಜೊತೆಗೆ ಹೃದ್ರೋಗವಿರುವವರಲ್ಲಿ ಹೃದಯಾಘಾತ ಮೊದಲಾದ ಘಟನೆಗಳು ಶೇ. 20ರಷ್ಟು ಕಡಿಮೆಯಾದುದು 2023ರ ಅಧ್ಯಯನದಲ್ಲಿ ಕಂಡುಬಂದಿದೆ. ಆದರೆ ಅದು ತಜ್ಞ ವೈದ್ಯರ ನಿಗಾದಲ್ಲಿ ಮಾತ್ರ ಪಡೆಯಬೇಕಾದ ಔಷಧ. ಅಂಗಡಿಯಿಂದ ಕೊಂಡು ಬಳಸುವಂಥದ್ದಲ್ಲ. ಗ್ರಾಮ ಮಟ್ಟದಲ್ಲಿ ಕೈಗೆಟುಕುವ ಉಪಾಯವೆಂದರೆ ಬೇಗ ಗುರುತಿಸುವುದು, ರಕ್ತದೊತ್ತಡ ಮತ್ತು ಸಕ್ಕರೆಗೆ ಗುಳಿಗೆ ತಪ್ಪದಂತೆ ನೋಡಿಕೊಳ್ಳುವುದು, ಬೀಡಿ ಸಿಗರೇಟು ಬಿಡಿಸುವುದು, ನಡಿಗೆ ಮತ್ತು ಆಹಾರವನ್ನು ತಿದ್ದುವುದು.

ಆಹಾರದ ವಿಷಯದಲ್ಲಿ ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಅನ್ನದ ಒಂದು ಪಾಲನ್ನು ತಗ್ಗಿಸಿ ಸೊಪ್ಪು, ತರಕಾರಿ, ಹುರುಳಿ, ಅವರೆ, ಹೆಸರು ಕಾಳುಗಳನ್ನು ಹೆಚ್ಚಿಸುವುದು. ಉಪ್ಪನ್ನು ದಿನಕ್ಕೆ ಒಬ್ಬರಿಗೆ ಒಂದು ಚಹಾ ಚಮಚೆಗೆ ಮಿತಿಗೊಳಿಸುವುದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸದಿರುವುದು. ರಾಗಿ ಮುದ್ದೆ ಒಳ್ಳೆಯದೇ, ಆದರೆ ಗಾತ್ರ ದುಡಿಮೆಗೆ ತಕ್ಕಂತಿರಬೇಕು. ಸಕ್ಕರೆಗೆ ಬದಲು ಬೆಲ್ಲ ಬಳಸಿದರೆ ಹಾನಿಯಿಲ್ಲವೆಂಬ ನಂಬಿಕೆ ಸರಿಯಲ್ಲ.

ಗ್ರಾಮ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ, 30 ವರ್ಷ ಮೀರಿದವರಲ್ಲಿ ಎಷ್ಟು ಮಂದಿಯ ತಪಾಸಣೆ ಆಗಿದೆ, ಎಷ್ಟು ಮಂದಿ ಬಾಕಿ ಎಂಬುದನ್ನು ವಾರ್ಡುವಾರು ಪರಿಶೀಲಿಸುವುದು. ವ್ಯಕ್ತಿಗಳ ಹೆಸರು ಮತ್ತು ಕಾಯಿಲೆಯ ವಿವರವನ್ನು ಸಭೆಯಲ್ಲಿ ಓದಬಾರದು, ಸಂಖ್ಯೆ ಸಾಕು.

2. ಉಪಕೇಂದ್ರದಲ್ಲಿ ಅಳತೆ ಟೇಪು, ರಕ್ತದೊತ್ತಡ ಮಾಪಕ, ಸಕ್ಕರೆ ಪರೀಕ್ಷೆಯ ಪಟ್ಟಿಗಳು ಹಾಗೂ ಗುಳಿಗೆಗಳು ಇವೆಯೇ, ಉಪಕರಣಗಳು ಸುಸ್ಥಿತಿಯಲ್ಲಿವೆಯೇ ಎಂದು ಖುದ್ದಾಗಿ ನೋಡುವುದು.

3. ಗರ್ಭಿಣಿಯರ ತೂಕ, ರಕ್ತಹೀನತೆ ಮತ್ತು ಸಕ್ಕರೆ ಪರೀಕ್ಷೆ ಸಕಾಲಕ್ಕೆ ಆಗುತ್ತಿರುವುದನ್ನೂ, ಮಾತೃಪೂರ್ಣ ಯೋಜನೆಯ ಊಟ ಅರ್ಹರಿಗೆ ತಲುಪುತ್ತಿರುವುದನ್ನೂ ಖಚಿತಪಡಿಸಿಕೊಳ್ಳುವುದು. ಗರ್ಭಾವಸ್ಥೆಯಲ್ಲಿ ಸಕ್ಕರೆ ಕಂಡುಬಂದವರಿಗೆ ಹೆರಿಗೆಯಾದ ಆರು ವಾರಗಳ ನಂತರವೂ, ಮುಂದೆ ವರ್ಷಕ್ಕೊಮ್ಮೆಯೂ ಪರೀಕ್ಷೆ ನಡೆಯಬೇಕು. ಮಿಷನ್ ಆಸ್ಪತ್ರೆಯ ದಾಖಲೆಗಳು ಕಲಿಸಿದ ಪಾಠ ಇದೇ.

4. ವಾರ್ಷಿಕ ಅಭಿವೃದ್ಧಿ ಯೋಜನೆಯಲ್ಲಿ ಆಟದ ಮೈದಾನ, ಬೀದಿದೀಪವಿರುವ ನಡಿಗೆಯ ಹಾದಿಗಳಿಗೆ ಸ್ಥಾನ ನೀಡುವುದು. ಬೆಳಕು ಮತ್ತು ಸುರಕ್ಷತೆ ಇಲ್ಲದ ಕಡೆ ಹೆಣ್ಣುಮಕ್ಕಳು ನಡೆಯಲಾರರು.

5. ಪಂಚಾಯತಿ ಸಭೆಗಳಲ್ಲಿ ಬೋಂಡಾ ಬಜ್ಜಿಗೆ ಬದಲು ಕಡಲೆ ಗುಗ್ಗರಿ, ಹಣ್ಣು, ಸಕ್ಕರೆ ಕಡಿಮೆಯ ಚಹಾ ನೀಡುವುದು. ಸದಸ್ಯರು ಮೊದಲು ತಮ್ಮ ಸೊಂಟದ ಅಳತೆಯನ್ನೇ ತೆಗೆಸಿಕೊಂಡರೆ ಜನರೂ ಮುಂದೆ ಬರುತ್ತಾರೆ.

6. ದಪ್ಪಗಿರುವವರನ್ನು ಹಾಸ್ಯ ಮಾಡುವುದನ್ನು ಶಾಲೆಯಲ್ಲೂ ಸಭೆಯಲ್ಲೂ ನಿರುತ್ತೇಜಿಸುವುದು. ಅವಮಾನಕ್ಕೊಳಗಾದವರು ತಪಾಸಣೆಗೆ ಬಾರದೆ ಉಳಿಯುತ್ತಾರೆ.

ಎದೆನೋವು ಬಂದಾಗ

ಎದೆಯ ನಡುವೆ ಹಿಂಡಿದಂತಾಗುವುದು, ನೋವು ಎಡತೋಳಿಗೆ, ಕುತ್ತಿಗೆಗೆ ಅಥವಾ ದವಡೆಗೆ ಹರಡುವುದು, ಬೆವರುವುದು, ಉಸಿರು ಕಟ್ಟುವುದು ಇವು ಹೃದಯಾಘಾತದ ಲಕ್ಷಣಗಳು. ಸ್ತ್ರೀಯರಲ್ಲಿ ಹಾಗೂ ಸಕ್ಕರೆ ಕಾಯಿಲೆಯವರಲ್ಲಿ ಕೇವಲ ಸುಸ್ತು, ವಾಕರಿಕೆ ಕಾಣಬಹುದು. ಇದನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿದು ಮಲಗುವುದರಿಂದ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ದೇಶದ 89 ಆಸ್ಪತ್ರೆಗಳ 20,468 ರೋಗಿಗಳನ್ನು ಕುರಿತು 2008ರಲ್ಲಿ ಪ್ರಕಟವಾದ ವರದಿಯಲ್ಲಿ, ಅರ್ಧದಷ್ಟು ಮಂದಿ ಆಸ್ಪತ್ರೆ ಸೇರುವ ವೇಳೆಗೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕಳೆದಿತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ದೊರೆತಷ್ಟೂ ಹೃದಯದ ಸ್ನಾಯು ಉಳಿಯುತ್ತದೆ.

2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶ ಇದೇ: ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ಅಗತ್ಯವಿದ್ದಲ್ಲಿ ಚುಚ್ಚುಮದ್ದನ್ನು ಉಚಿತವಾಗಿ ನೀಡಿ, ನಂತರ ಜಯದೇವದಂಥ ಹೃದ್ರೋಗ ಕೇಂದ್ರಕ್ಕೆ ಕಳುಹಿಸುವುದು. ತಮ್ಮ ಗ್ರಾಮಕ್ಕೆ ಹತ್ತಿರದಲ್ಲಿ ಇಸಿಜಿ ಮತ್ತು ಈ ಚುಚ್ಚುಮದ್ದು ದೊರೆಯುವ ಆಸ್ಪತ್ರೆ ಯಾವುದು, ರಾತ್ರಿ ವೇಳೆ ವೈದ್ಯರು ಇರುತ್ತಾರೆಯೇ, 108 ಆಂಬುಲೆನ್ಸ್ ತಡವಾದರೆ ಯಾರ ವಾಹನ ಲಭ್ಯ ಎಂಬ ಮಾಹಿತಿಯನ್ನು ಸದಸ್ಯರು ಮುಂಚಿತವಾಗಿ ಸಂಗ್ರಹಿಸಿ, ಪಂಚಾಯತಿ ಕಚೇರಿ, ಹಾಲಿನ ಡೇರಿ ಮತ್ತು ನ್ಯಾಯಬೆಲೆ ಅಂಗಡಿಯ ಫಲಕಗಳಲ್ಲಿ ಬರೆಸುವುದು ಅತ್ಯಾವಶ್ಯಕ.

ಮಿಷನ್ ಆಸ್ಪತ್ರೆಯ ದಾದಿಯರು ತೊಂಬತ್ತು ವರ್ಷಗಳ ಹಿಂದೆ ತಕ್ಕಡಿ ಮತ್ತು ಟೇಪು ಹಿಡಿದು ಬರೆದಿಟ್ಟ ಅಂಕಿಗಳು ಜಗತ್ತಿನ ವೈದ್ಯವಿಜ್ಞಾನಕ್ಕೆ ಉಪಯೋಗವಾದವು. ಇಂದು ಅದೇ ಟೇಪು ಪ್ರತಿ ಗ್ರಾಮದ ಆಶಾ ಕಾರ್ಯಕರ್ತೆಯ ಚೀಲದಲ್ಲಿರಬೇಕು. ಅದು ಪ್ರತಿ ಮನೆಯಲ್ಲೂ ಹೊರಬರುವಂತೆ ನೋಡಿಕೊಳ್ಳುವುದನ್ನು ಮುಂದಿನ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಸೇರಿಸಿಕೊಳ್ಳುವುದು ಸೂಕ್ತ.